ಮಿದುಳನ್ನು ತಕ್ಕಡಿಗೆ ಹಾಕುವವರಿಗೆ

ನಿನ್ನೆ ಬದಿಯಡ್ಕದ ಬಳಿಯ ಒಂದು ಶಾಲೆಯ ವಿಜ್ಞಾನ ಮೇಳದಲ್ಲಿ ಅತಿಥಿಯೊಬ್ಬರು ಮನುಷ್ಯನ ಮಿದುಳಿನ ಪಕ್ಕದಲ್ಲಿ ಕಾಗೆಯ ಮಿದುಳಿನ ಚಿತ್ರವಿಟ್ಟು, "ಇಷ್ಟು ಸಣ್ಣದರಲ್ಲಿ ಬುದ್ಧಿ ಎಲ್ಲಿಂದ ಬರಬೇಕು?" ಎಂದು ಕೇಳಿದರು. ಮಕ್ಕಳು ಅದನ್ನು ಶ್ರದ್ಧೆಯಿಂದ ಬರೆದುಕೊಂಡರು. ಬದುಕಿಡೀ ಜೀವಶಾಸ್ತ್ರ ಕಲಿಸಿದ ನನಗೆ ಸುಮ್ಮನೆ ಕುಳಿತಿರಲು ಆಗಲಿಲ್ಲ. ಆಮೇಲೆ ಹೋಗಿ ಹೇಳಿದರೆ, "ಎಂಟನೆಯ ಕ್ಲಾಸಿನವರಿಗೆ ಅಷ್ಟೆಲ್ಲ ಯಾಕೆ ಟೀಚರೇ?" ಎಂದರು. ತಪ್ಪನ್ನು ಕಲಿಯುವಷ್ಟು ದೊಡ್ಡವರಾದ ಮಕ್ಕಳು ಸರಿಯನ್ನು ಕಲಿಯಲು ಚಿಕ್ಕವರಾಗುವುದು ಹೇಗೆ?

ಹಕ್ಕಿಯ ಮಿದುಳಿನಲ್ಲಿ ಬುದ್ಧಿಗೆ ಜಾಗವಿಲ್ಲವೆಂಬ ಈ ತಪ್ಪಿಗೆ ದೀರ್ಘ ಇತಿಹಾಸವಿದೆ. 1900ರ ಆಸುಪಾಸಿನಲ್ಲಿ ಜರ್ಮನಿಯ ಮಿದುಳು ತಜ್ಞ ಲುಡ್ವಿಗ್ ಎಡಿಂಗರ್, ಹಕ್ಕಿಯ ಮುಮ್ಮಿದುಳಿನ ಬಹುಪಾಲು ಸಸ್ತನಿಗಳ ಮಿದುಳಿನ ತಳಭಾಗಕ್ಕೆ, ಅಂದರೆ ಯೋಚನೆಗಲ್ಲ, ಬರೀ ಹುಟ್ಟುಗುಣದ ನಡತೆಗೆ ಎಂದು ಆಗ ನಂಬಿದ್ದ ಭಾಗಕ್ಕೆ, ಸಮವೆಂದು ಬಗೆದರು; ಭಾಗಗಳಿಗೆ ಹೆಸರುಗಳೂ ಹಾಗೆಯೇ ಬಿದ್ದವು. ಅವನ್ನು ವಿಜ್ಞಾನಿಗಳು ಒಟ್ಟುಗೂಡಿ ತಿದ್ದಿದ ವರದಿ ಹೊರಬಂದದ್ದು 2004ರಲ್ಲಿ. ಅವರು ತಿದ್ದಿಕೊಂಡರು, ನಮ್ಮ ವೇದಿಕೆಗಳು ತಿದ್ದಿಕೊಂಡಿಲ್ಲ.

2016ರಲ್ಲಿ ನರವಿಜ್ಞಾನಿ ಸುಜಾನಾ ಹರ್ಕುಲಾನೊ-ಹೌಝೆಲ್ ಅವರಿದ್ದ ತಂಡವು 28 ಜಾತಿಯ ಹಕ್ಕಿಗಳ ನರಕೋಶಗಳನ್ನು ಎಣಿಸಿತು. ಮಕಾವ್ ಗಿಳಿಯ ಮಿದುಳು ಸುಮಾರು 20 ಗ್ರಾಂ. ಆದರೂ ಅದರ ಮುಮ್ಮಿದುಳಿನಲ್ಲಿ ಕಲಿಕೆ, ಯೋಚನೆಗಳ ಕೆಲಸ ನಡೆಯುವ ಪ್ಯಾಲಿಯಮ್ ಎಂಬ ಭಾಗದಲ್ಲಿ ಸುಮಾರು 190 ಕೋಟಿ ನರಕೋಶಗಳಿವೆ. ಮೂರು ಪಟ್ಟಿಗೂ ಹೆಚ್ಚು ತೂಗುವ ಮಿದುಳಿರುವ ರೀಸಸ್ ಕೋತಿಯಲ್ಲಿ ಅದು ಸುಮಾರು 170 ಕೋಟಿ. ಹಾರುವ ದೇಹಕ್ಕೆ ಭಾರ ಹೊರುವ ಅನುಕೂಲವಿಲ್ಲ. ಹಕ್ಕಿಯ ನರಕೋಶಗಳು ಚಿಕ್ಕವಾಗಿ, ಒತ್ತೊತ್ತಾಗಿ ಜೋಡಿಸಿಕೊಂಡಿವೆ. ಇಷ್ಟು ಸುಂದರವಾದ ಸಂಗತಿಯನ್ನು ಮಕ್ಕಳಿಂದ ಮುಚ್ಚಿಡುವುದು ಅನ್ಯಾಯ.

ನಮ್ಮ ಬಾವಿಕಟ್ಟೆಗೆ ಬರುವ ಕಾಗೆಯನ್ನು ಆ ಅತಿಥಿಗಳು ಒಮ್ಮೆ ನೋಡಬೇಕಿತ್ತು. ಒಣಗಿ ಗಟ್ಟಿಯಾದ ದೋಸೆಯ ತುಂಡನ್ನು ಕಲ್ಲುಮರಿಗೆಗೆ ಒಯ್ದು, ನೀರಿನಲ್ಲಿ ಅದ್ದಿ, ಕೊಕ್ಕಿನಿಂದ ಒತ್ತಿ ನೋಡಿ, ಇನ್ನೂ ಮೆತ್ತಗಾಗಿಲ್ಲವೆಂದರೆ ಮತ್ತೆ ಅದ್ದುತ್ತದೆ. ಅಮ್ಮ ಹೋದ ಮೇಲೆ ಬೆಳಗಿನ ಹೊತ್ತು ಈ ಮನೆಯಲ್ಲಿ ನನಗೆ ಜತೆಯೆಂದರೆ ಆ ಕಾಗೆಯೇ. ನನ್ನ ಸಿಟ್ಟಿನಲ್ಲಿ ಅದರ ಪಾಲೂ ಇದೆ.

"ಹಾಗಾದರೆ ಕೋಳಿಗೂ ಕಾಗೆಯಷ್ಟೇ ಬುದ್ಧಿಯೇ?" ಎಂದು ಪಕ್ಕದಲ್ಲಿದ್ದ ಮಾಸ್ತರರು ಕೇಳಿದರು. ಇಲ್ಲ, ಎಲ್ಲ ಹಕ್ಕಿಗಳೂ ಒಂದೇ ಅಲ್ಲ. ಆದರೆ ಅದರಿಂದ ಗಾತ್ರದ ವಾದ ಗೆಲ್ಲುವುದಿಲ್ಲ, ಇನ್ನಷ್ಟು ಸೋಲುತ್ತದೆ. ಎಮುವಿನ ಮಿದುಳು ಹೆಚ್ಚುಕಡಿಮೆ ಮಕಾವ್ ಗಿಳಿಯದ್ದರಷ್ಟೇ ತೂಗುತ್ತದೆ, ನರಕೋಶಗಳು ಮಾತ್ರ ಅದರ ಅರ್ಧದಷ್ಟೂ ಇಲ್ಲ. ತೂಕವನ್ನೇ ನಂಬುವವರು ಈ ಎರಡು ಹಕ್ಕಿಗಳ ವ್ಯತ್ಯಾಸವನ್ನು ಹೇಗೆ ವಿವರಿಸುತ್ತಾರೆ? ಉತ್ತರವಿದ್ದವರು ಇಲ್ಲಿಯೇ ಬರೆಯಿರಿ, ಓದಲು ನಾನು ಸಿದ್ಧಳಿದ್ದೇನೆ.