ಗ್ಯಾಸ್ ಮೀಟರಿನ ಸ್ಕ್ರೂಗೆ ವಾರಸುದಾರರು ಬೇಕಾಗಿದ್ದಾರೆ

ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರು ರಜಕ್ಕೆ ಊರಿಗೆ ಹೋದರೆ ಒಂದು ಭಾಷಣ ಗ್ಯಾರಂಟಿ. "ಅಲ್ಲಿ ಎಲ್ಲಾ ಸಿಸ್ಟಮ್ ಪ್ರಕಾರ ಕಣ್ರೀ. ಯಾವ ಕೆಲಸ ಯಾರದ್ದು ಅಂತ ಬರೆದಿಟ್ಟಿರ್ತಾರೆ." ನೂರಕ್ಕೆ ನೂರು ನಿಜ. ಬರೆದಿಟ್ಟಿದ್ದಾರೆ. ಎಷ್ಟು ಚೆನ್ನಾಗಿ ಬರೆದಿಟ್ಟಿದ್ದಾರೆ ಅಂದರೆ, ನಮ್ಮ ಮನೆ ಗ್ಯಾಸ್ ಮೀಟರಿನ ಒಂದು ಹಿತ್ತಾಳೆ ಸ್ಕ್ರೂ ತಮ್ಮ ಕೆಲಸ ಅಲ್ಲ ಅನ್ನೋದಕ್ಕೆ ಎಲ್ಲರ ಹತ್ತಿರವೂ ಕಾಗದ ಇದೆ.

ಸ್ಕ್ರೂ ಇರುವ ಜಾಗಕ್ಕೆ ಟೆಸ್ಟ್ ಪಾಯಿಂಟ್ ಅಂತಾರೆ. ಮೀಟರಿನಿಂದ ಗ್ಯಾಸ್ ಹೊರಗೆ ಬರುವ ಕಡೆ ಕಿರುಬೆರಳ ತುದಿಯಷ್ಟು ಒಂದು ಮೂತಿ, ಅದರೊಳಗೆ ಸ್ಕ್ರೂ. ಬಾಯ್ಲರ್ ಸರ್ವಿಸಿಗೆ ಬಂದವನು ಅದನ್ನು ಸಡಿಲಿಸಿ, ಮೂತಿಗೆ ರಬ್ಬರ್ ಪೈಪು ಸಿಕ್ಕಿಸಿ ಒತ್ತಡ ನೋಡುತ್ತಾನೆ. ಇಲ್ಲಿ ಮನೆಗೆ ಗ್ಯಾಸ್ ಬರಬೇಕಾದ್ದು 21 ಮಿಲಿಬಾರ್ ಒತ್ತಡದಲ್ಲಿ, ಎರಡು ಆಚೀಚೆ ಆದರೆ ಪರವಾಗಿಲ್ಲ. ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡೋದಕ್ಕೂ ಇದೇ ದಾರಿ. ವಾಲ್ವ್ ಮುಚ್ಚಿ, ಒಂದು ನಿಮಿಷ ಬಿಟ್ಟು, ಇನ್ನೆರಡು ನಿಮಿಷ ಒತ್ತಡ ಇಳಿಯುತ್ತಾ ಅಂತ ಕಾಯುವುದು. ಒಳ್ಳೆಯ ಪರೀಕ್ಷೆ, ಮಾತಿಲ್ಲ.

ನಮ್ಮ ಮನೆಗೆ ಬಂದವನು ಟಾರ್ಚ್ ಬಿಟ್ಟು ನೋಡಿ "ಓ ಡಿಯರ್" ಅಂದ. ಹಿಂದೆ ಯಾರೋ ಭೀಮನ ಶಕ್ತಿ ಹಾಕಿ ತಿರುಗಿಸಿದ್ದರು. ಸ್ಕ್ರೂ ತಲೆಯ ಗೀರು ಸವೆದು ನುಣ್ಣಗಾಗಿತ್ತು, ಮೂತಿ ಒಂದು ಕಡೆಗೆ ಸೊಟ್ಟಗಾಗಿತ್ತು. ಸೋಪಿನ ನೀರಿನಂಥದ್ದೇನೋ ಸ್ಪ್ರೇ ಮಾಡಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಸಣ್ಣ ಗುಳ್ಳೆ ಎದ್ದಿತು, ನಿಧಾನಕ್ಕೆ ಊದಿತು, ಒಡೆಯಿತು. ಹಿಂದೆಯೇ ಇನ್ನೊಂದು. ಅವನು ಸ್ಪ್ಯಾನರನ್ನು ಚೀಲದೊಳಗೆ ಇಟ್ಟೇಬಿಟ್ಟ. "ಮೀಟರ್ ನಂದಲ್ಲ ಮೇಟ್. ಮುಟ್ಟೋ ಹಾಗಿಲ್ಲ."

ಇಲ್ಲಿ 0800 111 999 ಅಂತ ಗ್ಯಾಸಿನ ತುರ್ತು ನಂಬರ್ ಇದೆ. ಇದಕ್ಕೆ ಮಾತ್ರ ನಿಜಕ್ಕೂ ಕೈ ಮುಗಿಯಬೇಕು. ಒಂದು ಗಂಟೆಯೊಳಗೆ ಮನುಷ್ಯ ಬಂದ, ವಾಲ್ವ್ ಮುಚ್ಚಿದ, ಮೀಟರಿಗೆ ಒಂದು ಎಚ್ಚರಿಕೆ ಚೀಟಿ ಕಟ್ಟಿದ. "ಈಗ ಸೇಫ್" ಅಂದ. ಹೌದಪ್ಪಾ, ಗ್ಯಾಸೇ ಇಲ್ಲದ ಮನೆಯಲ್ಲಿ ಗ್ಯಾಸ್ ಸೋರುವುದಿಲ್ಲ. ಒಲೆ ಸೇಫ್, ಬಿಸಿನೀರು ಸೇಫ್, ರೇಡಿಯೇಟರ್ ಸೇಫ್. ಜನವರಿ ತಿಂಗಳು.

ಸರಿ, ರಿಪೇರಿ ಯಾರು ಮಾಡಬೇಕು? ಬೀದಿಯಿಂದ ಮೀಟರಿನ ವಾಲ್ವ್‌ವರೆಗೆ ಪೈಪಿನ ಕಂಪನಿಯದು. ಮೀಟರಿನ ಹೊಣೆ ಬಿಲ್ ಕಳಿಸುವವರದು, ಆದರೆ ಮೀಟರಿನ ಮಾಲೀಕರು ಸಾಮಾನ್ಯವಾಗಿ ಬೇರೆ, ಅದನ್ನು ಜೋಡಿಸುವವರು ಮತ್ತೂ ಬೇರೆ. ಮೀಟರ್ ದಾಟಿದ ಮೇಲಿನ ಪೈಪು ಮನೆಯವರದು. ಈಗ ಹೇಳಿ, ಮೀಟರಿಗೂ ನಮ್ಮ ಪೈಪಿಗೂ ನಡುವೆ ಕೂತಿರುವ ಸ್ಕ್ರೂ ಯಾರದ್ದು? ಬೆಳಗಾವಿಗೆ 1967ರಲ್ಲಿ ಮಹಾಜನ ವರದಿಯಾದರೂ ಬಂತು. ಈ ಸ್ಕ್ರೂಗೆ ಅದೂ ಇಲ್ಲ.

ಬಿಲ್ ಕಳಿಸುವವರಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿ, ಒಂದಾದ ಮೇಲೊಂದು ಗುಂಡಿ ಒತ್ತಿಸಿ, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು.

"ಗ್ಯಾಸ್ ವಾಸನೆ ಬರ್ತಿದೆಯಾ?"

"ಇಲ್ಲ, ವಾಲ್ವ್ ಮುಚ್ಚಿದ್ದಾರೆ."

"ಹಾಗಿದ್ರೆ ಇದು ತುರ್ತಲ್ಲ."

"ವಾಲ್ವ್ ತೆಗೆದ್ರೆ ಬರುತ್ತೆ."

"ಹಾಗಿದ್ರೆ ತುರ್ತು ನಂಬರಿಗೆ ಮಾಡಿ."

"ಅವರು ಬಂದು ವಾಲ್ವ್ ಮುಚ್ತಾರೆ."

"ಆಗ ನಮಗೆ ಮಾಡಿ."

ಪಾಪ, ಅವಳದೇನೂ ತಪ್ಪಿಲ್ಲ. ಅವಳ ಮುಂದಿನ ಪರದೆಯಲ್ಲಿ ಇದ್ದದ್ದು ಅಷ್ಟೇ.

ಹಿಂದೆ ಈ ದೇಶದಲ್ಲಿ ಗ್ಯಾಸ್ ಅಂದರೆ ಒಂದೇ ಸರ್ಕಾರಿ ಸಂಸ್ಥೆ. ಪೈಪು, ಮೀಟರು, ಬಿಲ್ಲು, ಬೈಗುಳ ಎಲ್ಲಾ ಒಂದೇ ಬಾಗಿಲಿಗೆ. 1986ರಲ್ಲಿ ಥ್ಯಾಚರ್ ಸರ್ಕಾರ ಅದನ್ನು ಷೇರು ಮಾಡಿ ಮಾರಿತು. ಸಿಡ್ ಅನ್ನೋನು ಕಂಡರೆ ಅವನಿಗೂ ಷೇರಿನ ವಿಷಯ ಹೇಳಿ ಅಂತ ಆಗಿನ ಜಾಹೀರಾತು, ಇಲ್ಲಿನ ಹಳಬರು ಇವತ್ತಿಗೂ ನೆನೆಸಿಕೊಂಡು ನಗುತ್ತಾರೆ. ಆಮೇಲೆ ಪೈಪು ಒಬ್ಬರಿಗೆ, ವ್ಯಾಪಾರ ಇನ್ನೊಬ್ಬರಿಗೆ ಅಂತ ಪಾಲಾಯಿತು. 1998ರ ಹೊತ್ತಿಗೆ ಯಾವ ಮನೆಯವರು ಬೇಕಾದರೂ ತಮ್ಮ ಕಂಪನಿಯನ್ನು ಆರಿಸಿಕೊಳ್ಳಬಹುದು ಅಂತಾಯಿತು. ಅದೇ ಗ್ಯಾಸು, ಅದೇ ಪೈಪು, ಅದೇ ಸ್ಕ್ರೂ. ಬಿಲ್ ಯಾರಿಂದ ಬರಬೇಕು ಅನ್ನೋದು ಮಾತ್ರ ನನ್ನ ಸ್ವಾತಂತ್ರ್ಯ. ಸಿಡ್ ನಿಮಗೆ ಸಿಕ್ಕರೆ ದಯವಿಟ್ಟು ನಮ್ಮನೆ ಟೆಸ್ಟ್ ಪಾಯಿಂಟ್ ವಿಷಯ ತಿಳಿಸಿ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ "ಎರಡನೇ ಸಿಲಿಂಡರ್ ತುಂಬಿಸಿ ಇಟ್ಕೋಬಾರ್ದಾ?" ಅಂದರು. ಆಗ ನೆನಪಾಗಿದ್ದು ದಾವಣಗೆರೆಯಲ್ಲಿ ನಮ್ಮನೆಗೆ ಸಿಲಿಂಡರ್ ತರುತ್ತಿದ್ದ ಮನುಷ್ಯ. ಸೀಲು ಕಿತ್ತು, ಒಂದು ಲೋಟ ನೀರು ಕೇಳಿ, ನಾಲ್ಕು ಹನಿ ಸಿಲಿಂಡರಿನ ಬಾಯಿಗೆ ಬಿಡುತ್ತಿದ್ದ. ಗುಳ್ಳೆ ಬಂತೋ, ಅಂಗಿ ಜೇಬಿನಿಂದ ಒಂದು ವಾಷರ್ ಹೊರಗೆ ಬರುತ್ತಿತ್ತು. ಪಿನ್ನಿನಲ್ಲಿ ಹಳೇದು ಎಬ್ಬಿಸಿ, ಹೊಸದು ಕೂರಿಸಿ, ಮತ್ತೆ ನಾಲ್ಕು ಹನಿ. ಆಯ್ತಮ್ಮ. ಬಿಲ್ಲಿನ ಮೇಲೆ ಜಾಸ್ತಿ ಕೊಡಿ ಅಂತ ಕೇಳುತ್ತಿದ್ದ, ಬುಕ್ ಮಾಡಿದ ದಿನ ಬಿಟ್ಟು ಬೇರೆಲ್ಲಾ ದಿನ ಬರುತ್ತಿದ್ದ, ಅದೆಲ್ಲಾ ಸರಿ. ಆದರೆ ಜೇಬಿನಲ್ಲಿ ವಾಷರ್ ಇರುತ್ತಿತ್ತು.

ತಪ್ಪು ತಿಳಿಯಬೇಡಿ. ಮೀಟರಿಗೆ ಕಂಡಕಂಡವರು ಕೈ ಹಾಕಬಾರದು ಅನ್ನುವ ನಿಯಮ ಸರಿಯಾದದ್ದೇ. ಗ್ಯಾಸ್ ಸೋರಿ ಗೋಡೆ ಹಾರಿಹೋದ ಮನೆಗಳು ಇಲ್ಲೂ ಇವೆ. ನನ್ನ ಹೊಟ್ಟೆ ಉರಿಯೋದು ಬೇರೆ ಕಡೆ. ಇಲ್ಲಿ ಸ್ಟ್ಯಾಂಡಿಂಗ್ ಚಾರ್ಜ್ ಅಂತ ಒಂದಿದೆ. ಗ್ಯಾಸ್ ಉರಿಸಿ, ಬಿಡಿ, ಸಂಪರ್ಕ ಇದ್ದದ್ದಕ್ಕೆ ದಿನಕ್ಕಿಷ್ಟು. ವಾಲ್ವ್ ಮುಚ್ಚಿದ್ದರೂ ಅದು ಓಡುತ್ತಲೇ ಇತ್ತು. ಬಿಲ್ಲಿನ ಲೆಕ್ಕ ನೋಡಬೇಕು ನೀವು. ಘನ ಮೀಟರನ್ನು 1.02264ರಿಂದ ಗುಣಿಸಿ, ಅದನ್ನು ಗ್ಯಾಸಿನ ಶಾಖದ ಅಂಕಿಯಿಂದ ಗುಣಿಸಿ, 3.6ರಿಂದ ಭಾಗಿಸಿದರೆ ಯೂನಿಟ್ ಬರುತ್ತದೆ. ದಶಮಾಂಶದ ಐದನೇ ಸ್ಥಾನದವರೆಗೆ ನನ್ನಿಂದ ಬರಬೇಕಾದ ಕಾಸು ಗೊತ್ತಿದೆ. ಸ್ಕ್ರೂ ಯಾರದು ಅಂತ ಮಾತ್ರ ಗೊತ್ತಿಲ್ಲ. ನಮಗೇನೋ ಕರೆಂಟಿನ ಹೀಟರ್ ಇತ್ತು, ಮೂರು ಸ್ವೆಟರ್ ಹಾಕಿಕೊಂಡು ಕೂತೆವು. ಅದೂ ಇಲ್ಲದ ಮನೆಯಲ್ಲಿ ಹಸುಗೂಸು ಇದ್ದಿದ್ದರೆ ಏನು ಮಾಡಬೇಕಿತ್ತು? ಆ ಪ್ರಶ್ನೆಗೆ ಯಾವ ಗುಂಡಿ ಒತ್ತಬೇಕು?

ಕೊನೆಗೂ ಒಬ್ಬ ಬಂದ. ಅವನು ಕರೆಂಟ್ ಮೀಟರಿನವನು. ಅವನನ್ನು ಕಳಿಸಿದ್ದು ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ, ಟೀ ಕುಡಿದು ಹೋದ. ಆಮೇಲೆ ಬಂದವನು ಗ್ಯಾಸಿನವನೇ. ಸ್ಕ್ರೂ ಬದಲಾಯಿಸಲು ಅವನ ಕಾಗದದಲ್ಲಿ ಅವಕಾಶ ಇರಲಿಲ್ಲವಂತೆ. ಇಡೀ ಮೀಟರ್ ಬದಲಾಯಿಸಲು ಇತ್ತು. ಬದಲಾಯಿಸಿದ, ಹಳೆಯದನ್ನು ವ್ಯಾನಿಗೆ ಹಾಕಿಕೊಂಡು ಹೊರಟ.

ಮುಂದಿನ ಬಿಲ್ಲಿನಲ್ಲಿ ನಾವು ಗ್ಯಾಸೇ ಇಲ್ಲದೆ ನಡುಗುತ್ತಿದ್ದ ದಿನಗಳಿಗೂ ಅಂದಾಜು ರೀಡಿಂಗ್ ಹಾಕಿದ್ದರು, ಚಳಿಗಾಲ ಅಲ್ವಾ, ಧಾರಾಳವಾಗಿಯೇ. ಫೋನ್ ಮಾಡಿದರೆ ಹಳೇ ಮೀಟರಿನ ಕೊನೆಯ ರೀಡಿಂಗಿನ ಫೋಟೋ ಕಳಿಸಿ ಅಂದರು.

"ಮೀಟರನ್ನ ನಿಮ್ಮವರೇ ತಗೊಂಡು ಹೋದ್ರಲ್ಲ."

"ಅವರು ನಮ್ಮವರಲ್ಲ ಸರ್, ಮೀಟರಿನವರು."