ವಿಟಮಿನ್ ಡಬ್ಬಿಯಲ್ಲಿ ಬಚ್ಚಿಟ್ಟ ಮಾತ್ರೆ

ನನ್ನ ತಮ್ಮನಿಗೆ ಮೂರ್ಛೆ ರೋಗ ಇದೆ. ಆರು ವರ್ಷದಿಂದ ಮನೆಯವರು ಬಿಟ್ಟು ಬೇರೆ ಯಾರ ಮುಂದೆಯೂ ಬಾಯಿಬಿಡದ ಮಾತು ಇದು. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರೊಂದು ಹಾಕ್ಬೇಡ ಅಕ್ಕಾ, ಮಿಕ್ಕಿದ್ದೆಲ್ಲ ಬರಿ" ಅಂದ.

ಕಳೆದ ವರ್ಷ ಒಂದು ದಿನ ಬೆಳಿಗ್ಗೆ ಎಂಟೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ತಮ್ಮನ ಜೊತೆ ರೂಮಿನಲ್ಲಿದ್ದ ಹುಡುಗ. ಬಾತ್‌ರೂಮಿನಲ್ಲಿ ಧಡ್ ಅಂತ ಸದ್ದಾಯಿತಂತೆ, ಬಾಗಿಲು ಮುರಿದು ನೋಡಿದರೆ ಕೈಕಾಲು ಸೆಟೆದು ಒದ್ದಾಡುತ್ತಿದ್ದನಂತೆ. ಆಸ್ಪತ್ರೆಗೆ ಸಾಗಿಸಿ ಆಗಲೇ ಒಂದು ಗಂಟೆಯಾಗಿತ್ತು. ಅಷ್ಟರಲ್ಲಿ ಇನ್ನೊಂದು ಸಲ ಫಿಟ್ಸ್ ಬಂದಿತ್ತು. ಅವನ ಫೋನ್ ಲಾಕ್ ಆಗಿದ್ದರಿಂದ ನನ್ನ ನಂಬರ್ ಹುಡುಕಲು ಇಷ್ಟು ಹೊತ್ತು ಹಿಡಿದಿತ್ತು.

ಎಮರ್ಜೆನ್ಸಿಯಲ್ಲಿದ್ದ ಡಾಕ್ಟರು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದ್ದರು: ಮುಂಚೆ ಯಾವತ್ತಾದರೂ ಹೀಗಾಗಿದೆಯಾ, ಏನಾದರೂ ಮಾತ್ರೆ ತಗೊಳ್ತಾರಾ? ಆ ಹುಡುಗ ಹೇಳಿದ್ದು: "ಇಲ್ಲ ಡಾಕ್ಟ್ರೇ, ಏನೂ ಕಾಯಿಲೆ ಇಲ್ಲ. ದಿನಾ ವಿಟಮಿನ್ ಮಾತ್ರೆ ಒಂದು ತಗೋತಾನೆ, ಅಷ್ಟೇ."

ಅವನದೇನೂ ತಪ್ಪಿಲ್ಲ, ಅವನು ಕಂಡದ್ದನ್ನೇ ಹೇಳಿದ. ಎಂಟು ತಿಂಗಳಿಂದ ಒಂದೇ ರೂಮಿನಲ್ಲಿ ಮಲಗುವವನಿಗೆ ನನ್ನ ತಮ್ಮ ಮಾತ್ರೆ ನುಂಗುವುದು ಕಂಡಿತ್ತು, ವಿಟಮಿನ್ ಅಂತ ಬರೆದ ಡಬ್ಬಿಯೂ ಕಂಡಿತ್ತು. ಡಬ್ಬಿಯೊಳಗೆ ಇದ್ದದ್ದು ಮೂರ್ಛೆ ರೋಗದ ಮಾತ್ರೆ, ಸೋಡಿಯಂ ವ್ಯಾಲ್ಪ್ರೋಯೇಟ್.

ಅವತ್ತು ಸಂಜೆ ನಾನು ಆ ರೂಮಿಗೆ ಹೋಗಿ ಡಬ್ಬಿ ತೆರೆದು ನೋಡಿದೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಹಳದಿ ಚೀಟಿ. ಸ್ಟ್ರಿಪ್ಪಿನಿಂದ ಒಂದೊಂದೇ ಮಾತ್ರೆ ಬಿಡಿಸಿ ತುಂಬಿಟ್ಟಿದ್ದ. ತಳದಲ್ಲಿದ್ದವು ಬೆವರಿದಂತಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದನ್ನು ಎತ್ತಲು ಹೋದರೆ ಮೂರು ಬಂದವು, ಮೇಲಿನ ಲೇಪ ಬೆರಳಿಗೆ ಅಂಟಿಕೊಂಡು ಬಂತು. ಸೋಡಿಯಂ ವ್ಯಾಲ್ಪ್ರೋಯೇಟ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಔಷಧಿ. ಅದಕ್ಕೇ ಅದನ್ನು ಫಾಯಿಲಿನಲ್ಲಿ ಮುಚ್ಚಿ ಕೊಡುವುದು, ನುಂಗುವ ಹೊತ್ತಿಗಷ್ಟೇ ಬಿಡಿಸಬೇಕು ಅನ್ನುವುದು. ಪೊಟ್ಟಣದ ಮೇಲೆ ಹಾಗೆ ಬರೆದಿದ್ದನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ.

ಅವನಿಗೆ ಪ್ರಜ್ಞೆ ಬಂದು, ಮಂಪರು ಇಳಿದ ಮೇಲೆ ಮೆಲ್ಲಗೆ ಕೇಳಿದೆ. ಅದಕ್ಕೂ ಹಿಂದಿನ ಎರಡು ದಿನ ಸ್ನೇಹಿತರೆಲ್ಲ ರೂಮಿಗೆ ಬಂದಿದ್ದರಂತೆ. ಯಾರೋ ಒಬ್ಬ ಡಬ್ಬಿ ಕೈಗೆತ್ತಿಕೊಂಡು "ನಂಗೂ ಒಂದು ಕೊಡೋ, ಸುಸ್ತು" ಅಂದನಂತೆ. ಇವನು ಗಾಬರಿಯಾಗಿ ಡಬ್ಬಿಯನ್ನು ಬ್ಯಾಗಿನ ತಳಕ್ಕೆ ತುರುಕಿದ್ದಾನೆ. ಎರಡು ದಿನ ತೆಗೆಯಲೇ ಇಲ್ಲ. ಮಾತ್ರೆ ತಪ್ಪಿತು, ಹರಟೆಯಲ್ಲಿ ನಿದ್ದೆಯೂ ಕೆಟ್ಟಿತು. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು ಎಂದು ಅವನಿಗೆ ಮೊದಲ ದಿನವೇ ಹೇಳಿದ್ದರು. "ಒಂದು ವರ್ಷದಿಂದ ಬಂದಿರ್ಲಿಲ್ವಲ್ಲ ಅಕ್ಕಾ, ಎರಡು ದಿನಕ್ಕೆ ಏನಾಗತ್ತೆ ಅನ್ಕೊಂಡೆ" ಅಂದ.

ಎರಡು ದಿನಕ್ಕೆ ಏನಾಗುತ್ತದೆ ಎಂದು ಆಮೇಲೆ ನಾನು ಕೂತು ಓದಿಕೊಂಡೆ. ವ್ಯಾಲ್ಪ್ರೋಯೇಟ್ ಸಾಮಾನ್ಯವಾಗಿ 9ರಿಂದ 16 ಗಂಟೆಯೊಳಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇನ್ನಷ್ಟು ಗಂಟೆ ಕಳೆದರೆ ಅದರ ಅರ್ಧ, ಮತ್ತಷ್ಟು ಕಳೆದರೆ ಅದರದ್ದೂ ಅರ್ಧ. 48 ಗಂಟೆಯ ಹೊತ್ತಿಗೆ ಉಳಿದಿರುವುದು ತೀರಾ ಚೂರು. ಒಂದು ವರ್ಷ ಫಿಟ್ಸ್ ಬರದೆ ಇದ್ದದ್ದು ಕಾಯಿಲೆ ಹೋಗಿತ್ತು ಅಂತಲ್ಲ, ಆ ಮಟ್ಟ ಒಂದು ದಿನವೂ ಇಳಿದಿರಲಿಲ್ಲ ಅಂತ. ಮೂರ್ಛೆ ರೋಗದ ಬೇರೆ ಔಷಧಿಗಳ ಲೆಕ್ಕ ಬೇರೆ. ಲೆವೆಟಿರಾಸೆಟಮ್ ಇನ್ನೂ ಬೇಗ, ಆರೆಂಟು ಗಂಟೆಯಲ್ಲೇ ಅರ್ಧವಾಗುತ್ತದೆ. ಫಿನೋಬಾರ್ಬಿಟಾಲ್ ದಿನಗಟ್ಟಲೆ ಉಳಿಯುತ್ತದೆ, ಆದರೆ ಅದನ್ನು ಏಕಾಏಕಿ ಬಿಟ್ಟರೆ ಆಗುವ ಅನಾಹುತವೂ ಅಷ್ಟೇ ದೊಡ್ಡದು. ಫಿಟ್ಸ್ ಮೇಲೆ ಫಿಟ್ಸ್ ಬಂದು ನಡುವೆ ಎಚ್ಚರವೇ ಆಗದ ಸ್ಥಿತಿ ಒಂದಿದೆ, ಸ್ಟೇಟಸ್ ಎಪಿಲೆಪ್ಟಿಕಸ್ ಅನ್ನುತ್ತಾರೆ. ಪ್ರಾಣ ಹೋಗಬಹುದು. ಮಾತ್ರೆ ಥಟ್ಟನೆ ನಿಲ್ಲಿಸುವುದು ಅದಕ್ಕೆ ಇರುವ ಮುಖ್ಯ ಕಾರಣಗಳಲ್ಲಿ ಒಂದು.

ನಾನು ಡಾಕ್ಟರಲ್ಲ. ಆದರೆ ಈ ಒಂದು ವರ್ಷದಲ್ಲಿ ನನಗೆ ಖಾತ್ರಿಯಾಗಿರುವ ಸಂಗತಿ ಒಂದಿದೆ, ಅದನ್ನು ಹೇಳಲೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ. ಮೂರ್ಛೆ ರೋಗದ ಮಾತ್ರೆಯನ್ನು ಗುಟ್ಟಾಗಿ ನುಂಗಿದರೆ ಅದನ್ನು ಸರಿಯಾಗಿ ನುಂಗಲು ಆಗುವುದೇ ಇಲ್ಲ. ಅದರ ಹೊತ್ತು, ಜೊತೆಗೆ ನುಂಗುವ ಬೇರೆ ಮಾತ್ರೆ, ಅಡ್ಡ ಪರಿಣಾಮ, ಫಿಟ್ಸ್ ಬಂದಾಗ ಪಕ್ಕದಲ್ಲಿರುವವರು ಮಾಡಬೇಕಾದ್ದು, ಇದೆಲ್ಲಕ್ಕೂ ಇನ್ನೊಬ್ಬರಿಗೆ ಗೊತ್ತಿರಬೇಕು.

ಉದಾಹರಣೆಗೆ, ಬೇರೆ ಕಾಯಿಲೆಗೆ ಬೇರೆ ಡಾಕ್ಟರ ಹತ್ತಿರ ಹೋಗುತ್ತೀರಿ. ಹಲ್ಲುನೋವೋ, ಸೊಂಟನೋವೋ. ಫಾರ್ಮಿನಲ್ಲಿ "ಬೇರೆ ಔಷಧಿ ಏನಾದರೂ?" ಅನ್ನುವ ಕಡೆ ಗೆರೆ ಎಳೆದುಬಿಡುತ್ತೀರಿ. ನೋವಿಗೆ ಕೊಡುವ ಟ್ರಾಮಡಾಲ್ ಫಿಟ್ಸ್ ಬರಿಸಬಲ್ಲದು. ತೀವ್ರ ಸೋಂಕಿಗೆ ಆಸ್ಪತ್ರೆಯಲ್ಲಿ ಹಾಕುವ ಮೆರೊಪೆನೆಮ್ ಎಂಬ ಆಂಟಿಬಯೋಟಿಕ್ ವ್ಯಾಲ್ಪ್ರೋಯೇಟಿನ ಮಟ್ಟವನ್ನು ಒಂದೆರಡು ದಿನದಲ್ಲೇ ಪಾತಾಳಕ್ಕೆ ಇಳಿಸುತ್ತದೆ, ಮಾತ್ರೆ ಒಂದು ಹೊತ್ತೂ ತಪ್ಪದಿದ್ದರೂ. ಫೆನಿಟಾಯಿನ್, ಕಾರ್ಬಮಜೆಪಿನ್ ಎಂಬ ಮೂರ್ಛೆಯ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಲ್ಯಾಮೋಟ್ರಿಜಿನ್‌ನಲ್ಲಿ (ಅದೂ ಮೂರ್ಛೆಯ ಮಾತ್ರೆಯೇ) ಇದು ತಿರುಗುಮುರುಗು: ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಶುರು ಮಾಡಿದರೆ ಲ್ಯಾಮೋಟ್ರಿಜಿನ್ ಮಟ್ಟವೇ ಇಳಿದು ಫಿಟ್ಸ್ ಮರಳಬಹುದು. ಬರೆದುಕೊಡುವ ಡಾಕ್ಟರಿಗೆ ಗೊತ್ತಿದ್ದರೆ ಇವನ್ನೆಲ್ಲ ತಪ್ಪಿಸಬಹುದು. ನೀವೇ ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಯುವುದು ಹೆಣ್ಣುಮಕ್ಕಳ ವಿಷಯದಲ್ಲಿ. ನನಗೆ ಪರಿಚಯದ ಒಬ್ಬಳು ಮದುವೆಯಾಗಿ ಎರಡು ವರ್ಷವಾದರೂ ಗಂಡನಿಗೆ ಗೊತ್ತಾಗದಂತೆ ವ್ಯಾಲ್ಪ್ರೋಯೇಟ್ ನುಂಗುತ್ತಿದ್ದಳು. ಗರ್ಭಿಣಿ ಎಂದು ಗೊತ್ತಾದ ದಿನ ಮೊಬೈಲಿನಲ್ಲಿ ಏನೋ ಓದಿ ಹೆದರಿ ಅವತ್ತೇ ಮಾತ್ರೆ ನಿಲ್ಲಿಸಿಬಿಟ್ಟಳು. ಅವಳ ಹೆದರಿಕೆ ಸುಳ್ಳಲ್ಲ. ಗರ್ಭದಲ್ಲಿ ವ್ಯಾಲ್ಪ್ರೋಯೇಟ್ ತಾಗಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದೋಷ ಇರಬಹುದು, 30ರಿಂದ 40 ಮಕ್ಕಳಿಗೆ ಕಲಿಕೆ, ಮಾತು, ಬೆಳವಣಿಗೆಯಲ್ಲಿ ತೊಂದರೆ ಆಗಬಹುದು. ಆದರೆ ಹಠಾತ್ತನೆ ನಿಲ್ಲಿಸಿ ದೊಡ್ಡ ಫಿಟ್ಸ್ ಬಂದರೆ ತಾಯಿಗೂ ಮಗುವಿಗೂ ಅಪಾಯ. ಈ ಮಾತುಕತೆ ಮಗು ಬೇಕು ಅನ್ನಿಸುವುದಕ್ಕಿಂತ ಎಷ್ಟೋ ಮುಂಚೆ ಆಗಬೇಕಿತ್ತು. ಲ್ಯಾಮೋಟ್ರಿಜಿನ್, ಲೆವೆಟಿರಾಸೆಟಮ್ ಗರ್ಭಕ್ಕೆ ಇದಕ್ಕಿಂತ ಸುರಕ್ಷಿತ ಎಂದು ಕಂಡುಬಂದಿವೆ. ಸಮಯವಿದ್ದರೆ ಡಾಕ್ಟರು ನಿಧಾನವಾಗಿ ಬದಲಾಯಿಸುತ್ತಾರೆ, ಫೋಲಿಕ್ ಆಸಿಡ್ ಮೊದಲೇ ಶುರು ಮಾಡಿಸುತ್ತಾರೆ. ಅವಳಿಗೆ ಆ ಸಮಯ ಸಿಗಲಿಲ್ಲ. ಅವಳಿಗೆ ಭಯ ಇದ್ದದ್ದು ಕಾಯಿಲೆಯದ್ದಲ್ಲ, ಗೊತ್ತಾದರೆ ಮನೆಯಲ್ಲಿ ಏನಾಗುತ್ತದೋ ಎನ್ನುವುದರದ್ದು. ಆ ಭಯ ಹುಟ್ಟಿಸಿದವರು ನಾವೇ ಎಲ್ಲರೂ ಸೇರಿ.

ತಪ್ಪಿದ ಮಾತ್ರೆಯನ್ನು ಡಾಕ್ಟರಿಗೇ ಹೇಳದಿರುವುದು ಇನ್ನೊಂದು. ಬೈಯುತ್ತಾರೆ ಅಂತ "ದಿನಾ ತಗೊಳ್ತಿದೀನಿ" ಅನ್ನುತ್ತೇವೆ. ಅವರು ಈ ಡೋಸ್ ಸಾಲದು ಅಂದುಕೊಂಡು ಏರಿಸುತ್ತಾರೆ, ಅಥವಾ ಎರಡನೆಯ ಔಷಧಿ ಸೇರಿಸುತ್ತಾರೆ. ಫೆನಿಟಾಯಿನ್‌ನಂಥ ಔಷಧಿಯಲ್ಲಿ ಇದು ಆಟವಲ್ಲ. ಒಂದು ಮಟ್ಟ ದಾಟಿದ ಮೇಲೆ ಅದನ್ನು ಕರಗಿಸುವ ಯಕೃತ್ತಿನ ಶಕ್ತಿ ಮುಗಿದುಹೋಗುತ್ತದೆ. ಡೋಸ್ ಸ್ವಲ್ಪ ಏರಿಸಿದರೂ ರಕ್ತದಲ್ಲಿ ಅದು ನೆಗೆಯುತ್ತದೆ. ಕಣ್ಣುಗುಡ್ಡೆ ಅದುರುತ್ತದೆ, ಎರಡೆರಡು ಕಾಣುತ್ತದೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ ನೋಡಿದವರು. ಲ್ಯಾಮೋಟ್ರಿಜಿನ್ ಆದರೆ ಹಲವು ದಿನ ಬಿಟ್ಟವರು ಹಳೆಯ ಡೋಸಿಗೇ ನೇರ ಹಿಂದಿರುಗಬಾರದು. ಅದನ್ನು ಚಿಕ್ಕ ಡೋಸಿನಿಂದ ವಾರಗಟ್ಟಲೆ ಏರಿಸುವುದೇ ಮೈಮೇಲೆ ಪ್ರಾಣಾಪಾಯದ ದದ್ದು ಏಳದಿರಲಿ ಅಂತ. ಜೊತೆಗೆ ವ್ಯಾಲ್ಪ್ರೋಯೇಟೂ ಇದ್ದರೆ ಇನ್ನೂ ನಿಧಾನ. ಶುರುವಿನ ವಾರಗಳಲ್ಲಿ ದದ್ದು ಕಂಡರೆ, ಬಾಯಿಹುಣ್ಣು, ಜ್ವರ ಸೇರಿದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು, ಮರುದಿನದವರೆಗೆ ಕಾಯುವಂತಿಲ್ಲ.

ಒಂದು ಹೊತ್ತು ಮರೆತರೆ ಏನು ಮಾಡಬೇಕು? ಸಾಮಾನ್ಯವಾಗಿ ಹೇಳುವುದು: ನೆನಪಾದ ಕೂಡಲೇ ನುಂಗಿ, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಅದನ್ನು ಬಿಡಿ, ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಬೇಡಿ. ಆದರೆ ನಿಮ್ಮ ಔಷಧಿಗೆ, ನಿಮ್ಮ ಡೋಸಿಗೆ ಯಾವುದು ಸರಿ ಎಂದು ಮರೆಯುವ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬೇಡಿ, ಅಗಿಯಬೇಡಿ.

ಬ್ರ್ಯಾಂಡ್ ಬದಲಾವಣೆಯ ಬಗ್ಗೆ ನನಗೆ ಮೊದಲು ನಂಬಿಕೆ ಇರಲಿಲ್ಲ, ಔಷಧಿ ಒಂದೇ ತಾನೇ ಅನ್ನುತ್ತಿದ್ದೆ. 1968ರ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಫೆನಿಟಾಯಿನ್ ಕ್ಯಾಪ್ಸೂಲಿನೊಳಗೆ ತುಂಬುವ ನಿಷ್ಕ್ರಿಯ ಪುಡಿಯನ್ನಷ್ಟೇ ಬದಲಾಯಿಸಿದ್ದರು, ಕ್ಯಾಲ್ಸಿಯಂ ಸಲ್ಫೇಟ್ ಹೋಗಿ ಲ್ಯಾಕ್ಟೋಸ್ ಬಂದಿತ್ತು. ಔಷಧಿಯ ಪ್ರಮಾಣ ಹಾಗೇ ಇತ್ತು. ಆದರೂ ಅದು ಹೆಚ್ಚು ಹೀರಿಕೆಯಾಗಿ ಬ್ರಿಸ್ಬೇನಿನಲ್ಲಿ ಎಷ್ಟೋ ರೋಗಿಗಳಿಗೆ ವಿಷವೇರಿದ ಲಕ್ಷಣ ಕಾಣಿಸಿಕೊಂಡವು. ಎಲ್ಲ ಔಷಧಿಯೂ ಇಷ್ಟು ಸೂಕ್ಷ್ಮವಲ್ಲ. ಆದರೆ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ನುಂಗುವವರು ಸ್ಟ್ರಿಪ್ಪಿನ ಬಣ್ಣ, ಹೆಸರು ಬದಲಾದರೆ ಸುಮ್ಮನೆ ತೆಗೆದುಕೊಂಡು ಬರಬೇಡಿ, ಡಾಕ್ಟರನ್ನು ಒಂದು ಮಾತು ಕೇಳಿ.

ಮನಸ್ಸಿನ ವಿಷಯವನ್ನಂತೂ ನಾವು ಎರಡು ಪಟ್ಟು ಮುಚ್ಚಿಡುತ್ತೇವೆ. ತಮ್ಮನಿಗೆ ಶುರುವಿನಲ್ಲಿ ಲೆವೆಟಿರಾಸೆಟಮ್ ಕೊಟ್ಟಿದ್ದರು. ಒಂದೇ ತಿಂಗಳಲ್ಲಿ ಹುಡುಗ ಗುರುತು ಸಿಗದಷ್ಟು ಸಿಡುಕನಾದ. ಬಾಗಿಲು ಧಡಾರ್ ಅನ್ನಿಸುವುದು, ಅಮ್ಮನ ಮೇಲೆ ಕೂಗಾಡುವುದು. ವಯಸ್ಸಿನ ಕೊಬ್ಬು ಅಂತ ನಾನೇ ಎಷ್ಟು ಸಲ ಬೈದಿದ್ದೆ! ಆ ಮಾತ್ರೆ ಕೆಲವರಲ್ಲಿ ಹೀಗೆ ಮಾಡುತ್ತದೆ ಎಂದು ಗೊತ್ತಾದ ದಿನ ಅವನ ಎದುರು ಕೂತು ಅತ್ತುಬಿಟ್ಟೆ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೂರ್ಛೆ ರೋಗದ ಔಷಧಿಗಳೆಲ್ಲದಕ್ಕೂ ಎಚ್ಚರಿಕೆ ಕೊಟ್ಟಿತು: ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ ಇವನ್ನು ತೆಗೆದುಕೊಂಡವರಲ್ಲಿ 0.43 ಶೇಕಡ, ತೆಗೆದುಕೊಳ್ಳದವರಲ್ಲಿ 0.22. ಎರಡೂ ಚಿಕ್ಕ ಸಂಖ್ಯೆಗಳೇ, ಇದನ್ನು ಓದಿ ಮಾತ್ರೆ ಬಿಡಬೇಡಿ. ಆದರೆ ಮಾತ್ರೆ ಶುರುವಾದ ಮೇಲೆ ಸ್ವಭಾವ ಬದಲಾಗಿದೆ ಅನ್ನಿಸಿದರೆ ಮನೆಯವರು ಗಮನಿಸಬೇಕು. ಗಮನಿಸಬೇಕೆಂದರೆ ಮಾತ್ರೆ ಶುರುವಾಗಿದೆ ಎಂದು ಅವರಿಗೆ ಗೊತ್ತಿರಬೇಕು.

ಫಿಟ್ಸಿನಿಂದ ಮಲಗಿದಲ್ಲೇ ಸಾವು ಬರಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಮೂರ್ಛೆ ರೋಗವಿರುವ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು 1,000 ಜನರಲ್ಲಿ ಒಬ್ಬರು ಹಾಗೆ ಇದ್ದಕ್ಕಿದ್ದಂತೆ ಹೋಗುತ್ತಾರೆ. ದೊಡ್ಡ ಫಿಟ್ಸ್ ಪದೇಪದೇ ಬರುವವರಿಗೆ ಅಪಾಯ ಹೆಚ್ಚು, ಹತೋಟಿಯಲ್ಲಿದ್ದರೆ ಬಹಳ ಕಡಿಮೆ. ಹೆದರಿಸಲು ಹೇಳುತ್ತಿಲ್ಲ. ಇದನ್ನು ಮೊದಲೇ ಹೇಳಿದ್ದರೆ ತಮ್ಮ ಆ ಡಬ್ಬಿಯನ್ನು ಬ್ಯಾಗಿನ ತಳಕ್ಕೆ ಹಾಕುತ್ತಿರಲಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ.

"ಜೀವನಪೂರ್ತಿ ನುಂಗಬೇಕಾ?" ಎಂದು ಎಲ್ಲರೂ ಕೇಳುತ್ತಾರೆ. ಎಲ್ಲರಿಗೂ ಇಲ್ಲ. ಎರಡು ವರ್ಷವಾದರೂ ಫಿಟ್ಸ್ ಬರದಿದ್ದರೆ ಹಲವರಲ್ಲಿ ಡಾಕ್ಟರು ನಿಲ್ಲಿಸುವ ಯೋಚನೆ ಮಾಡುತ್ತಾರೆ, ಅದೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾ. ಕೆಲವು ಬಗೆಯ ಮೂರ್ಛೆಯಲ್ಲಿ ಬಿಡಲಾಗುವುದಿಲ್ಲ. ಲೋಕದಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದೆ, ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿಯಾಗಿ ನುಂಗಿದರೂ ಎರಡು ಔಷಧಿ ಫಲ ಕೊಡದಿದ್ದರೆ ಅದೇ ಕಡೆ ಮೂರನೆಯದು ನಾಲ್ಕನೆಯದು ಅಂತ ವರ್ಷ ಕಳೆಯದೆ ಮೂರ್ಛೆಯ ವಿಶೇಷ ಕೇಂದ್ರಕ್ಕೆ ಹೋಗಿ. ಆಪರೇಶನ್‌ನಿಂದ ವಾಸಿಯಾಗುವವರೂ ಇದ್ದಾರೆ.

ತಮ್ಮ ಆಸ್ಪತ್ರೆಯಿಂದ ಬಂದ ವಾರ ರೂಮಿನ ಹುಡುಗರನ್ನೆಲ್ಲ ಕೂರಿಸಿ ತಾನೇ ಹೇಳಿದ. ನಾನೂ ಇದ್ದೆ. ಫಿಟ್ಸ್ ಬಂದರೆ ಬಾಯಿಗೆ ಏನೂ ತುರುಕಬೇಡಿ, ಕೈಕಾಲು ಒತ್ತಿ ಹಿಡಿಯಬೇಡಿ, ತಲೆ ಕೆಳಗೆ ಮೆತ್ತಗಿನದ್ದು ಏನಾದರೂ ಇಡಿ, ಒದ್ದಾಟ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮುಂಚೆ ಮತ್ತೆ ಬಂದರೆ ಆಂಬ್ಯುಲೆನ್ಸ್ ಕರೆಯಿರಿ. ಫಿಟ್ಸ್ ನಿಲ್ಲಿಸಲು ಡಾಕ್ಟರು ಕೊಟ್ಟ ಮಿಡಜೋಲಮ್ ಸ್ಪ್ರೇ ಈ ಡ್ರಾಯರಿನಲ್ಲಿದೆ, ಮೂಗಿಗೆ ಹೀಗೆ ಹಾಕಬೇಕು. ಹುಡುಗರು ಬಿಟ್ಟ ಕಣ್ಣು ಬಿಟ್ಟು ಕೇಳಿದರು. ಅವತ್ತು ಫೋನ್ ಮಾಡಿದ್ದ ಹುಡುಗ ಮಾತ್ರ, "ಮೊದ್ಲೇ ಹೇಳ್ಬಾರ್ದಿತ್ತೇನೋ, ನಾನು ಡಾಕ್ಟ್ರಿಗೆ ಸುಳ್ಳು ಹೇಳ್ದಂಗಾಯ್ತಲ್ಲ" ಅಂದ. ಅವನ ಕಣ್ಣು ತುಂಬಿತ್ತು.

ಈಗ ಸ್ಟ್ರಿಪ್ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ. ಹಿಂದುಗಡೆಯ ಫಾಯಿಲಿನ ಮೇಲೆ ಪೆನ್ನಿನಲ್ಲಿ ಸೋಮ, ಮಂಗಳ, ಬುಧ ಅಂತ ಬರೆದುಕೊಂಡಿದ್ದಾನೆ. ಹೋದ ವಾರ ಸುಸ್ತಾಗಿ ಬಂದು ಬೇಗ ಮಲಗಿಬಿಟ್ಟಿದ್ದನಂತೆ. ಹತ್ತು ಗಂಟೆಗೆ ಆ ಹುಡುಗ ದೀಪ ಆರಿಸಲು ಹೋದವನು ಮೇಜಿನ ಕಡೆ ನೋಡಿ, ಲೋಟದಲ್ಲಿ ನೀರು ತಂದು ಇವನ ಭುಜ ಅಲ್ಲಾಡಿಸಿದನಂತೆ: "ಏಳೋ, ಮಂಗಳವಾರ ಹಾಗೇ ಇದೆ."