ಓದೋಕೆ ಬಾರದ್ದೆಲ್ಲ ನಿಧಿಯ ಗುಟ್ಟಲ್ಲ

ಹೋದ ಮಳೆಗಾಲದಲ್ಲಿ ಅಟ್ಟ ಸೋರಿ, ಮೇಲಿದ್ದ ಪೆಟ್ಟಿಗೆಗಳನ್ನೆಲ್ಲ ಕೆಳಗೆ ಇಳಿಸಬೇಕಾಯಿತು. ಒಂದರಲ್ಲಿ ಅಜ್ಜಯ್ಯನ ಕಾಲದ ಲೆಕ್ಕದ ಪುಸ್ತಕ ಸಿಕ್ಕಿತು. ಅಂಚನ್ನು ಗೆದ್ದಲು ತಿಂದಿತ್ತು. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪ್ರತಿ ಸಾಲಿನ ಕೊನೆಗೆ ಗೆರೆಗಳು. ಕೆಲವು ಕಡೆ ಒಂದು, ಕೆಲವು ಕಡೆ ಮೂರು, ಮಗ್ಗುಲಿಗೆ ಸಣ್ಣ ಓರೆಗೆರೆ.

ಚಿಕ್ಕಪ್ಪ ನೋಡಿದವರೇ ದನಿ ತಗ್ಗಿಸಿದರು. "ಇದು ಲೆಕ್ಕ ಅಲ್ಲ ಮಾರಾಯ. ಮೂರು ಕಲ್ಲಿನ ಗುರುತು. ಹಿಂದಿನವರು ಎಂತದೋ ಹೂತಿಟ್ಟಿದ್ದಾರೆ. ಯಾರಿಗೂ ಹೇಳಬೇಡ."

ನಾನು ಪುಟದ ಫೋಟೋ ತೆಗೆದುಕೊಂಡು, ಹಿಂದೆ ಶಾನುಭೋಗಿಕೆ ಮಾಡಿದ್ದ ಮನೆಯ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ, ಬೆರಳಿಟ್ಟು ನಿಧಾನಕ್ಕೆ ಓದಿದರು. "ತಂಗಿಗೆ ಹಬ್ಬಕ್ಕೆ ಸೀರೆ. ಮೂರು ರೂಪಾಯಿ ಹನ್ನೆರಡಾಣೆ."

ಪುಸ್ತಕದಲ್ಲಿ ಇದ್ದದ್ದು ಇಷ್ಟೇ: ೩।।।

ರೂಪಾಯಿಗೆ 16 ಆಣೆ ಇದ್ದ ಕಾಲ. ನಿಂತ ಗೆರೆ ಒಂದಿದ್ದರೆ ಕಾಲು ರೂಪಾಯಿ, ಎರಡಿದ್ದರೆ ಅರ್ಧ, ಮೂರಿದ್ದರೆ ಮುಕ್ಕಾಲು. ಓರೆಗೆರೆ ಒಂದಕ್ಕೆ ಒಂದಾಣೆ. 1957ರಲ್ಲಿ ನಯಾಪೈಸೆ ಬಂತು, ಆಣೆ ಹೋಯಿತು, ಜೊತೆಗೆ ಗೆರೆಗಳೂ ಹೋದವು. ಅಂಗಡಿಯವರಿಂದ ಹಿಡಿದು ಅಡಿಕೆ ಸಾಹುಕಾರರವರೆಗೆ ಎಲ್ಲರೂ ಬರೆಯುತ್ತಿದ್ದ ಲೆಕ್ಕ ಎರಡೇ ತಲೆಮಾರಿಗೆ ಗುಟ್ಟಾಗಿಬಿಟ್ಟಿತು. ಯಾರೂ ಮುಚ್ಚಿಟ್ಟಿದ್ದಲ್ಲ. ನಾವು ಮರೆತದ್ದು.

ಇದನ್ನು ಇಲ್ಲಿ ಬರೆಯೋಕೆ ಕಾರಣ ಇದೆ. ನಮ್ಮೂರ ಕಾನಿನ ಅಂಚಿನಲ್ಲಿ ಒಂದು ಕಲ್ಲಿತ್ತು. ಕೊಡೆ ಹಿಡಿದ ಕುಳ್ಳ ಆಕೃತಿ, ಇನ್ನೊಂದು ಕೈಯಲ್ಲಿ ಕಮಂಡಲ. ಒಂದು ಅಮಾವಾಸ್ಯೆ ಕಳೆದು ನೋಡಿದರೆ ಆಳೆತ್ತರದ ಗುಂಡಿ. ಸುತ್ತ ನಿಂಬೆಹಣ್ಣು, ಕುಂಕುಮ. ಕಲ್ಲು ಎರಡು ಹೋಳು. ಅದು ವಾಮನಮುದ್ರೆ ಕಲ್ಲು. ದಾನ ಕೊಟ್ಟ ಜಮೀನಿನ ಗಡಿಗೆ ನೆಡುತ್ತಿದ್ದದ್ದು. ಅದರ ಅಡಿಯಲ್ಲಿ ಮಣ್ಣು ಬಿಟ್ಟು ಇನ್ನೇನಿರುತ್ತೆ? ಆ ಹೋಳು ನೋಡಿದಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಗುಟ್ಟಿನ ಭಾಷೆ ಅನ್ನೋದು ಇಲ್ಲವೇ ಇಲ್ಲ ಅಂತಲ್ಲ. ದನದ ಜಾತ್ರೆಯಲ್ಲಿ ಟವೆಲ್ ಅಡಿಯಲ್ಲಿ ಕೈ ಹಿಡಿದು, ಬೆರಳು ಒತ್ತಿ ರೇಟು ಹೇಳುವುದನ್ನು ನೋಡಿದ್ದೀರಲ್ವಾ? ಅದು ನಿಜವಾದ ಗುಟ್ಟು. ಇಬ್ಬರಿಗೆ ಗೊತ್ತು, ಮೂರನೆಯವರಿಗೆ ಗೊತ್ತಾಗಬಾರದು. ಆದರೆ ಕಲ್ಲನ್ನು ದೇವಸ್ಥಾನದ ಎದುರು, ಕೆರೆ ಏರಿ ಮೇಲೆ, ಗದ್ದೆ ಬದಿಯಲ್ಲಿ ನಿಲ್ಲಿಸಿದ್ದು ಎಲ್ಲರ ಕಣ್ಣಿಗೂ ಬೀಳಲಿ ಅಂತ. ಅದರ ಮೇಲಿನ ಚಿತ್ರಗಳು ಇನ್ನೂ ಒಂದು ಹೆಜ್ಜೆ ಮುಂದೆ. ಓದು ಬಾರದವರಿಗೂ ತಿಳಿಯಲಿ ಅಂತ ಕೆತ್ತಿದ್ದು ಅವು. ಸೂರ್ಯ ಚಂದ್ರ ಇದ್ದರೆ, ಅವರಿರುವಷ್ಟು ಕಾಲ ಈ ದಾನ ನಡೆಯಲಿ ಅಂತ. ಲಿಂಗಮುದ್ರೆ ಇದ್ದರೆ ಶಿವನ ಗುಡಿಗೋ ಮಠಕ್ಕೋ ಸೇರಿದ ಭೂಮಿ. ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ ಇದ್ದರೆ ಬಸದಿಯದು. ಬಳೆ ತೊಟ್ಟು ಮೇಲೆತ್ತಿದ ಕೈ ಕಂಡರೆ ಮಾಸ್ತಿಕಲ್ಲು, ಗಂಡನ ಹಿಂದೆ ಸತ್ತ ಒಬ್ಬ ಹೆಣ್ಣುಮಗಳ ನೆನಪು. ಅದನ್ನು ಕಿತ್ತು ಕೆಳಗೆ ಚಿನ್ನ ಹುಡುಕುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತೆ?

ಅಕ್ಷರ ಇರುವ ಕಲ್ಲಾದರೆ ಇನ್ನೂ ಸುಲಭ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು ನಮ್ಮ ಶಿವಮೊಗ್ಗ ಜಿಲ್ಲೆಯವೇ. 1902 ಮತ್ತು 1904ರಲ್ಲಿ ಅಚ್ಚಾದವು. ಶಿಕಾರಿಪುರ 7ರಲ್ಲಿ, ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ 8ರಲ್ಲಿ. ತಾಲೂಕಿನ ಪ್ರಕಾರ ನಂಬರ್ ಹಾಕಿ, ಓದಿ ಬರೆದಿಟ್ಟಿದ್ದಾರೆ. ನಿಮ್ಮೂರಿನ ಕಲ್ಲು ಅದರಲ್ಲಿ ಇದೆಯಾ ಅಂತ ಒಮ್ಮೆ ನೋಡಿ. ಇಲ್ಲದಿದ್ದರೆ ಅದು ಇನ್ನೂ ಯಾರೂ ಓದದ ಕಲ್ಲಿರಬಹುದು, ಇನ್ನೂ ಜೋಪಾನ ಮಾಡಬೇಕಾದ್ದು. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಹತ್ತಿರ ಸಿಂಹಕಟಾಂಜನದ (ಸಿಂಹ ಕೆತ್ತಿದ ಮೆಟ್ಟಿಲ ಕಟಕಟೆಯ) ಶಾಸನ ಸಿಕ್ಕಿದ್ದು 2013ರ ಉತ್ಖನನದಲ್ಲಿ. ಅದು ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿಗಿಂತ ಹಳೆಯದು ಅನ್ನುತ್ತಾರೆ. ಗುದ್ದಲಿಯಲ್ಲಿ ಒಡೆದಿದ್ದರೆ?

ಸವೆದ ಅಕ್ಷರ ಓದೋಕೆ ಒಂದು ಉಪಾಯ ಹೇಳ್ತೀನಿ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿಯಿರಿ. ಬೆಳಕು ನೇರ ಬಿದ್ದರೆ ಏನೂ ಕಾಣಲ್ಲ. ಓರೆಯಾಗಿ ಹರಿದರೆ ಒಂದೊಂದು ಅಕ್ಷರಕ್ಕೂ ನೆರಳು ಬಿದ್ದು ಸಾಲು ಎದ್ದು ನಿಲ್ಲುತ್ತೆ. ನಾನು ಮೊದಲ ಸಲ "ಸ್ವಸ್ತಿಶ್ರೀ" ಓದಿದ್ದು ಹಾಗೇ, ಜಿಗಣೆ ಕಚ್ಚಿಸಿಕೊಳ್ಳುತ್ತಾ. ಬಣ್ಣ ಬಳಿಯಬೇಡಿ, ತಂತಿ ಬ್ರಶ್ ಹಾಕಿ ತಿಕ್ಕಬೇಡಿ.

ತಾಳೆಗರಿಯದ್ದೂ ಇದೇ ಕಥೆ. ಎಷ್ಟೋ ಮನೆಗಳಲ್ಲಿ ಕಟ್ಟು ಬಿಚ್ಚದೆ ವರ್ಷಕ್ಕೊಮ್ಮೆ ಅರಿಶಿನ ಕುಂಕುಮ ಹಚ್ಚಿ ಪೂಜೆ. ಕೊನೆಗೊಂದು ದಿನ, ಯಾರಿಗೂ ಓದೋಕೆ ಬರಲ್ಲ ಅಂತ ಹೊಳೆಗೆ. ಅದು ಎಷ್ಟೋ ಸಲ ತಿಗಳಾರಿ ಲಿಪಿ. ನೋಡೋಕೆ ಮಲಯಾಳಂ ಹಾಗೆ ಕಾಣುತ್ತೆ, ಒಳಗಿರುವುದು ಹೆಚ್ಚಾಗಿ ಸಂಸ್ಕೃತ. ಮಂತ್ರ, ಜ್ಯೋತಿಷ್ಯ, ಔಷಧಿ ಹೀಗೆ ಏನಾದರೂ ಇರಬಹುದು. ಆ ಲಿಪಿಗೆ 2024ರಲ್ಲಿ ಕಂಪ್ಯೂಟರ್ ಅಕ್ಷರಗಳ ಪಟ್ಟಿಯಾದ ಯೂನಿಕೋಡ್‌ನಲ್ಲೂ ಜಾಗ ಸಿಕ್ಕಿದೆ. ಕಲಿಯುವವರು ಇದ್ದಾರೆ, ಕಲಿಸುವವರೂ ಇದ್ದಾರೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥ ಗರಿಗಳನ್ನು ಜೋಪಾನ ಮಾಡಿ ಇಟ್ಟಿದ್ದಾರೆ, ಒಮ್ಮೆ ಹೋಗಿ ನೋಡಿ. ದಯವಿಟ್ಟು ಹೊಳೆಗೆ ಬಿಡಬೇಡಿ.

ಆ ಸೀರೆಯ ಸಾಲನ್ನು ಚಿಕ್ಕಪ್ಪನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆ ತಂಗಿ ಅಂದರೆ ಅವರ ಸೋದರತ್ತೆ, ಅವರನ್ನು ಎತ್ತಿ ಆಡಿಸಿದವರು. ಕಲ್ಲಿನ ಮಾತು ಮತ್ತೆ ಎತ್ತಲಿಲ್ಲ.

ಮೊನ್ನೆ ರಾತ್ರಿ ಫೋನ್ ಮಾಡಿದ್ದರು. ಅವರ ಮನೆಯಲ್ಲೂ ಹಳೆಯ ಪುಸ್ತಕ ಒಂದು ಸಿಕ್ಕಿದೆಯಂತೆ.

"ಎರಡು ನಿಂತ ಗೆರೆ, ಒಂದು ಓರೆ. ಒಂಬತ್ತಾಣೆ ಅಲ್ದಾ?"

"ಹೌದು ಚಿಕ್ಕಪ್ಪ, ಒಂಬತ್ತಾಣೆ. ಎಂತಕ್ಕೆ ಅಂತ ಬರೆದಿದೆ?"

"ತಡಿ, ಲೈಟ್ ಹಾಕ್ತೀನಿ" ಅಂದರು.